ಅಳುವುದಕ್ಕೆಂದು ಮುಚ್ಚಿಟ್ಟ ಬಾಗಿಲು

ಕೋಡಿಗುಡ್ಡೆ, ತಡೆಯ ಒಳಮಗ್ಗುಲು
ಫೆಬ್ರವರಿ ೩೦, ೨೩೪೧

ಮುನ್ನೂರು ವರ್ಷಗಳ ಹಿಂದೆ ಇದೇ ಕರಾವಳಿಯಲ್ಲಿ ಕರ್ತನ ಹೆಸರು ಹೇಳಿಕೊಂಡು ಬದುಕುತ್ತಿರುವ ಹಿರಿಯರಿಗೆ, ಕೋಡಿಗುಡ್ಡೆ ಸಭೆಯ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವ ಹೆಪ್ಸಿಬಾ ಮಾಡುವ ವಂದನೆ.

ತಾರೀಕು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬಾಲದ ಹಾಗೆ ನೇತಾಡುತ್ತವೆ. ನನ್ನ ಮಾತುಗಳಲ್ಲಿಯೂ ನಿಮಗೆ ಗುರುತು ಸಿಗದವು ಕೆಲವು ಬರುತ್ತವೆ. ಅದಕ್ಕೆ ಕ್ಷಮೆ ಇರಲಿ, ಅರ್ಥ ಹೇಳುತ್ತಾ ಹೋಗುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಹಿಂದಿನ ಕಾಲದವರಿಗೆ ಬರೆಯುವ ಓಲೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಹಿಂದೋಲೆಗೆ ಅವಕಾಶ. ಹೆಚ್ಚಿನವರು ತೀರಿಹೋದ ತಾಯಿಗೋ ಅಜ್ಜಿಗೋ ನಾಲ್ಕು ಪ್ರೀತಿಯ ಮಾತು ಬರೆದು ಮುಗಿಸುತ್ತಾರೆ. ಎಪ್ಪತ್ತು ದಾಟಿದ ನಾನು ನನ್ನದನ್ನು ನಿಮ್ಮನ್ನು ಬೈಯುವುದಕ್ಕೆ ಖರ್ಚು ಮಾಡುತ್ತಿದ್ದೇನೆ.

ನೀವು ಸಂಜೆ ನಡೆದಾಡುವ ಮರಳದಂಡೆ ಈಗ ಕಡಲಿನ ಅಡಿಯಲ್ಲಿದೆ. ನಾವಿರುವುದು ಒಂದು ಮುರಕಲ್ಲಿನ ಗುಡ್ಡದ ಮೇಲೆ. ಗುಡ್ಡದ ಸುತ್ತ ಕಟ್ಟಿರುವ ದೊಡ್ಡ ಗೋಡೆಗೆ ತಡೆ ಎಂದು ಹೆಸರು. ಮಾರ್ಚಿನಿಂದ ಮಳೆ ನಿಲ್ಲುವ ತನಕ ಕಡಲು ಉಕ್ಕಿ ಬಂದು ತಡೆಗೆ ಬಡಿಯುತ್ತದೆ, ಅದು ಉಪ್ಪುಗಾಲ. ಒಳಗೆ ನಾವು ಚೆನ್ನಾಗಿಯೇ ಇದ್ದೇವೆ. ಮಳೆನೀರಿನ ತೊಟ್ಟಿಗಳಿವೆ, ಅಲೆಯ ಹೊಡೆತದಿಂದ ಉರಿಯುವ ಅಲೆದೀಪಗಳಿವೆ, ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗದ ಭತ್ತ ಇದೆ. ಬೆಳಿಗ್ಗೆ ಅದರ ಗಂಜಿ, ನೆಂಚಿಕೊಳ್ಳಲು ಒಣಮೀನಿನ ಚಟ್ನಿ. ಆ ಮೀನು ಹಿಡಿಯುವವರು ತಡೆಯ ಹೊರಗಿದ್ದಾರೆ. ಅವರಿರುವ ಜಾಗಕ್ಕೆ ಹೊರದಂಡೆ ಎನ್ನುತ್ತೇವೆ: ಕಂಬಗಳ ಮೇಲೆ ನಿಲ್ಲಿಸಿದ ಗುಡಿಸಲುಗಳು. ಉಪ್ಪುಗಾಲದಲ್ಲಿ ಅವೂ ಉಳಿಯುವುದಿಲ್ಲ, ದೋಣಿಯೇ ಮನೆ. ತಡೆಗೆ ಇರುವುದು ಒಂದೇ ಬಾಗಿಲು, ಅದು ಸದಾ ಮುಚ್ಚಿರುತ್ತದೆ. ಅದರಲ್ಲಿ ತಲೆ ತೂರದಷ್ಟು ಸಣ್ಣದೊಂದು ಕಿಂಡಿ. ಅವರ ಮೀನು ಒಳಗೆ ಬರುವುದೂ ನಮ್ಮ ಅಕ್ಕಿ ಹೊರಗೆ ಹೋಗುವುದೂ ಅದರಲ್ಲೇ. ಅವರೂ ನಮ್ಮ ಸಭೆಯವರೇ. ನಾವು ಹಾಡುವ ಕೀರ್ತನೆಗಳನ್ನೇ ಅವರೂ ದೋಣಿಯಲ್ಲಿ ಕೂತು ಹಾಡುತ್ತಾರೆ.

ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದು ಸಂಜೆ ಕಡಲು ಹೇಳದೆ ಕೇಳದೆ ಏರಿತು. ಹೊರದಂಡೆಯವರು ಮಕ್ಕಳನ್ನೆತ್ತಿಕೊಂಡು ಓಡಿ ಬಂದು ಬಾಗಿಲು ತಟ್ಟಿದರು. ತೆರೆದರೆ ನೀರೂ ಒಳಗೆ ನುಗ್ಗೀತು ಎಂದು ಒಳಗಿನವರು ತೆರೆಯಲಿಲ್ಲ. ತಟ್ಟುವ ಸದ್ದನ್ನು ಕೇಳುತ್ತಾ ಕೂತರು. ಕತ್ತಲಾಗುವಷ್ಟರಲ್ಲಿ ಸದ್ದು ನಿಂತಿತು. ದೋಣಿ ಸಿಕ್ಕಿದವರು ಮಾತ್ರ ಬದುಕಿದರು. ಏನು ಮಾಡಿದೆವೆಂದು ಒಳಗಿನವರಿಗೆ ಮರುದಿನ ಹೊಳೆಯಿತು. ಅವರ ದುಃಖ ಸುಳ್ಳಲ್ಲ ಎಂದು ನಾನು ನಂಬುತ್ತೇನೆ. ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲವಂತೆ. ಆಗ ಸಭಾಪಾಲಕರಾಗಿದ್ದವರು ವರ್ಷಕ್ಕೊಂದು ದಿನ ಆ ಪಾಪವನ್ನು ನೆನೆದು ದೇವರ ಕರುಣೆ ಬೇಡಬೇಕೆಂದು ಗೊತ್ತುಮಾಡಿದರು. ಅದೇ ಅಳುದಿನ. ಬಾಗಿಲು ತೆರೆಯಬೇಕೆಂದು ಮಾತ್ರ ಅವರಿಗೂ ತೋಚಲಿಲ್ಲ, ಆಮೇಲಿನವರಿಗೂ ತೋಚಲಿಲ್ಲ.

ಅಳುದಿನ ಈಗ ಹೇಗೆ ನಡೆಯುತ್ತದೆಂದು ಕೇಳಿ. ತಿಂಗಳ ಮುಂಚೆಯೇ ಮನೆಮನೆಯಲ್ಲಿ ಬೂದಿಬಟ್ಟೆ ಹೊಲಿಯುತ್ತಾರೆ. ಹೆಸರಿಗೆ ಅದು ಪಶ್ಚಾತ್ತಾಪದ ಉಡುಪು. ಅಂಚಿಗೆ ಯಾರ ಕಸೂತಿ ಹೆಚ್ಚು ನಾಜೂಕು ಎಂಬುದರ ಮೇಲೆ ಓರಗಿತ್ತಿಯರು ಮಾತು ಬಿಡುವುದೂ ಉಂಟು. ಬಾಗಿಲಿನ ಎದುರು ಒಂದೊಂದು ಮನೆತನಕ್ಕೂ ಒಂದೊಂದು ಮೊಣಕಾಲುಕಲ್ಲು ಇದೆ. ಮಂಡಿಯೂರಿ ಸವೆದು ಅದರಲ್ಲಿ ಗುಂಡಿ ಬಿದ್ದಷ್ಟೂ ಆ ಮನೆತನಕ್ಕೆ ಮರ್ಯಾದೆ ಜಾಸ್ತಿ. ಒಬ್ಬ ಹಿರಿಯರು ತಮ್ಮ ಕಲ್ಲನ್ನು ಉಳಿಯಿಂದ ಕೆತ್ತಿಸಿದ್ದು ನನ್ನ ಕಣ್ಣಾರೆ ಕಂಡದ್ದು. ಅಳು ಬಾರದ ಮಕ್ಕಳನ್ನು ಹಿಂದಿನ ಸಾಲಿಗೆ ಕಳಿಸುತ್ತಾರೆ. ಕೊನೆಗೆ ಎಲ್ಲರೂ ಮೌನವಾದಾಗ ತಟ್ಟುಗಾರ ಎಂಬವನು ಹಲಸಿನ ಮರದ ಕೊಡತಿಯಿಂದ ಬಾಗಿಲಿಗೆ ಮೂರು ಸಲ ಬಡಿಯುತ್ತಾನೆ, ಆ ಸಂಜೆಯ ನೆನಪಿಗೆ. ಆಗ ಜನ ಹೋ ಎಂದು ಅಳುತ್ತಾರೆ. ಆಶೀರ್ವಾದ ಆದ ಮೇಲೆ ಹಗುರೂಟ, ಎಂದರೆ ಮನಸ್ಸು ಹಗುರವಾದವರ ಊಟ. ಎದುರು ಸಿಕ್ಕಿದವರೆಲ್ಲ “ಹಗುರ ಆಯ್ತಾ?” ಎಂದು ಕೇಳಬೇಕು, “ಆಯ್ತು, ನಿಮ್ಗೆ?” ಎಂದು ಉತ್ತರಿಸಬೇಕು. ಆ ಊಟದ ಮೀನು ಎಲ್ಲಿಂದ ಬರುತ್ತದೆಂದು ನಾನು ಹೇಳಬೇಕಾಗಿಲ್ಲವಷ್ಟೆ.

ಇದಕ್ಕೆಲ್ಲ ನಮ್ಮನ್ನೇಕೆ ಬೈಯುವುದು ಎನ್ನುತ್ತೀರಿ. ನೀವು ಬಿತ್ತಿದ್ದು ಇದು. ನಿಮ್ಮ ಕಾಲದಿಂದ ನಮಗೆ ಉಳಿದು ಬಂದಿರುವ ಚಿತ್ರಗಳಲ್ಲಿ ಒಂದು ಎಲ್ಲೆಲ್ಲಿಯೂ ಕಾಣುತ್ತದೆ: ಹಳದಿ ಬಣ್ಣದ ಜೋಡಿಸಿದ ಎರಡು ಕೈಗಳು. ಯಾವುದೋ ದೇವರ ಗುರುತು ಎಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅದು ನೀವು ತಪ್ಪು ಮಾಡಿದಾಗ ಒತ್ತಿ ಕಳಿಸುವ ಮುದ್ರೆಯಂತೆ. ಜೊತೆಗೆ ಒಂದು ಸಾಲು, ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ ಎಂದು. ನೋವಾಗಿದ್ದರೆ! ಯಾರಿಗೆ ನೋವಾಗಿದೆಯೆಂದು ಎದ್ದು ಹೋಗಿ ನೋಡುವಷ್ಟೂ ನಿಮಗೆ ಪುರಸೊತ್ತಿಲ್ಲವೇ? ಪಾಪವೆಂದರೆ ನಮ್ಮ ಮನಸ್ಸಿಗೆ ಹತ್ತಿದ ಕೊಳೆ, ಪಶ್ಚಾತ್ತಾಪವೆಂದರೆ ಅದಕ್ಕೆ ಹಾಕುವ ಸೋಪು, ತೊಳೆದರಾಯಿತು ಎಂದು ನಿಮ್ಮ ಮಕ್ಕಳಿಗೆ ಕಲಿಸಿದಿರಿ. ತುಳಿದವನ ಮನಸ್ಸಿನ ಚಿಂತೆಯೇ ಎಲ್ಲ, ತುಳಿಸಿಕೊಂಡವನ ಬೆನ್ನಿನ ಗತಿ ಏನು ಎಂದು ಕೇಳುವವರಿಲ್ಲ. ಆ ಪಾಠವೇ ಬೆಳೆಬೆಳೆದು ನಮ್ಮಲ್ಲಿ ಹಬ್ಬವಾಗಿದೆ.

ಈ ವರ್ಷದ ಅಳುದಿನ ಹೋದ ವಾರ ಆಯಿತು. ತಟ್ಟುಗಾರ ಎಲ್ಕಾನ ಮೂರು ಸಲ ಬಡಿದು ಕೊಡತಿಯನ್ನು ಕೆಳಗಿಟ್ಟ. ಸದ್ದು ನಿಲ್ಲಲಿಲ್ಲ. ನಾಲ್ಕನೆಯ ಸಲ ಕೇಳಿಸಿತು, ಐದನೆಯ ಸಲ ಕೇಳಿಸಿತು. ಬಾಗಿಲಿನ ಆ ಕಡೆಯಿಂದ ಯಾರೋ ನಿಜವಾಗಿ ತಟ್ಟುತ್ತಿದ್ದರು. ಎಲ್ಕಾನ ಬಾಯಿ ತೆರೆದುಕೊಂಡು ನಿಂತಿದ್ದ. ಅದಕ್ಕೆ ಸಭೆ ಏನು ಮಾಡಿತು ಗೊತ್ತೇ? ಇನ್ನೂ ಜೋರಾಗಿ ಅತ್ತಿತು. ಅಷ್ಟು ಚೆನ್ನಾಗಿ ಅತ್ತದ್ದನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿಲ್ಲ. ನನ್ನ ಪಕ್ಕದಲ್ಲಿದ್ದವಳು ಮೂಗು ಒರೆಸಿಕೊಳ್ಳುತ್ತಾ, “ಈ ಸರ್ತಿ ತಟ್ಟಿದ್ದು ಎಷ್ಟು ಚಂದ ಉಂಟಲ್ಲ ಟೀಚರ್, ಮೈಯೆಲ್ಲ ಜುಂ ಅಂತು” ಎಂದಳು. ಬಾಗಿಲು ತೆಗೆಯಿರಿ ಎಂದು ನಾನು ಎದ್ದು ಕೂಗಿದೆ. ನಮ್ಮ ಸಭಾಪಾಲಕರಾದ ಯೋತಾಮ ಅಯ್ಯನವರ ಕಣ್ಣಲ್ಲೂ ನೀರು ಧಾರೆಯಾಗಿ ಸುರಿಯುತ್ತಿತ್ತು. ಅವರು ನನ್ನ ಕಡೆ ಕೈಯೆತ್ತಿ, “ಟೀಚರ್, ಸ್ವಲ್ಪ ತಾಳಿ, ಆಶೀರ್ವಾದ ಒಂದು ಮುಗೀಲಿ” ಎಂದರು.

ಆಶೀರ್ವಾದ ಮುಗಿದು ಜನ ಊಟದ ಕಡೆ ಹೊರಟ ಮೇಲೆ ನಾನು ಅಯ್ಯನವರನ್ನೂ ಸಭಾಮಂಡಳಿಯ ಹಿರಿಯ ನಹೂಮಣ್ಣನನ್ನೂ ಎಳೆದುಕೊಂಡೇ ಕಿಂಡಿಯ ಹತ್ತಿರ ಹೋದೆ. ಹೊರಗೆ ನಿಂತಿದ್ದವಳು ತಬಿತಾ. ವರ್ಷವಿಡೀ ನನಗೆ ಬೂತಾಯಿ ಮೀನು ಕೊಡುವವಳು, ಕಿಂಡಿಯಲ್ಲಿ ಅವಳ ಕೈಯನ್ನು ಎಷ್ಟು ಸಲ ನೋಡಿದ್ದೇನೋ. ಅವಳ ದೋಣಿ ಒಡೆದಿತ್ತು, ಸೊಸೆಗೆ ದಿನ ತುಂಬಿತ್ತು. ಈ ಸಲದ ಉಪ್ಪುಗಾಲ ಕೆಟ್ಟದ್ದಾಗುತ್ತದೆಂದು ನಮಗಿಂತ ಮೊದಲು ತಿಳಿಯುವವರು ಅವರು. ಅಯ್ಯನವರು ಕಿಂಡಿಗೆ ಬಾಯಿಟ್ಟು, ನಿಮಗಾಗಿ ಈಗಷ್ಟೇ ಎಷ್ಟು ಅತ್ತೆವು ಗೊತ್ತಾ ತಾಯಿ ಎಂದು ಮತ್ತೆ ಗದ್ಗದಿತರಾದರು. ತಬಿತಾ ಹೇಳಿದಳು: “ಕಣ್ಣೀರು ಎಂತಕ್ಕೆ ಅಯ್ಯನವರೇ? ನೀರು ನಮ್ಮಲ್ಲಿ ಬೇಕಾದಷ್ಟು ಉಂಟು. ಬಾಗಿಲು ತೆಗೀರಿ ಸಾಕು.” ಉಪ್ಪುಗಾಲ ಕಳೆದ ಮೇಲೆ ಮಂಡಳಿಯ ಮುಂದೆ ಇಡೋಣ ಎಂದು ಅಯ್ಯನವರು ಗೊಣಗಿದರು. ನಹೂಮಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಚಿಕ್ಕ ಮಗುವಿಗೆ ಬುದ್ಧಿ ಹೇಳುವವರ ಹಾಗೆ ಕೇಳಿದರು: “ಅಲ್ಲ ಟೀಚರ್, ಬಾಗಿಲು ತೆಗೆದ್ರೆ ಬರುವ ವರ್ಷದಿಂದ ನಾವು ಎಂತದಕ್ಕೆ ಅಳುದು?”

ಅವರು ತಮಾಷೆ ಮಾಡಿದ್ದಲ್ಲ. ಪಾಪ ಬಿಡಲಾಗದೆ ಒದ್ದಾಡುವವರನ್ನು ಕಂಡಿದ್ದೇನೆ, ಅವರ ಮೇಲೆ ನನಗೆ ಮರುಕವಿದೆ. ಪಶ್ಚಾತ್ತಾಪ ಚೆನ್ನಾಗಿ ನಡೆಯಲಿ ಎಂದು ಪಾಪವನ್ನು ಜೋಪಾನ ಮಾಡಿ ಇಟ್ಟುಕೊಂಡವರನ್ನು ಏನೆನ್ನಬೇಕು? ಹೋಗುತ್ತಿದ್ದ ಕೆಟ್ಟ ದಾರಿಯಿಂದ ಕಾಲು ತಿರುಗಿಸಿ ವಾಪಸು ಬರುವುದೇ ಪಶ್ಚಾತ್ತಾಪ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಅಳು ಬಂದರೆ ಬರಲಿ, ಬಾರದಿದ್ದರೆ ದೇವರೇನೂ ಬೇಸರಿಸುವುದಿಲ್ಲ. ನಮ್ಮ ಪಾಪಕ್ಕಾಗಿ ಆತನು ಶಿಲುಬೆಯ ಮೇಲೆ ಪ್ರಾಣ ಕೊಟ್ಟದ್ದು ನಮ್ಮನ್ನು ವರ್ಷಕ್ಕೊಮ್ಮೆ ಚೆನ್ನಾಗಿ ಅಳಿಸಲೆಂದೇ? ಆತನ ಕರುಣೆ ಅಳುವಿಗೆ ಸಿಗುವ ಕೂಲಿಯೂ ಅಲ್ಲ.

ಎಲ್ಲರೂ ಊಟಕ್ಕೆ ಹೋದರು. ಎಲ್ಕಾನ ಮಾತ್ರ ಅಲ್ಲೇ ನಿಂತಿದ್ದ. ಅವನ ಅಜ್ಜನೂ ತಟ್ಟುಗಾರ, ಅಪ್ಪನೂ ತಟ್ಟುಗಾರ. “ಅವ್ರು ತಟ್ಟುದು ನಾವು ತಟ್ಟಿದ ಹಾಗೆ ಇಲ್ಲ ಟೀಚರ್” ಎಂದ. ಇಬ್ಬರೂ ಸೇರಿ ಅಗುಳಿಗೆ ಹೆಗಲು ಕೊಟ್ಟೆವು. ನಾನು ಮುದುಕಿ, ಅವನು ಕಡ್ಡಿಯಂಥವನು, ಆದರೂ ಅದು ಎದ್ದಿತು. ಇಷ್ಟು ತಲೆಮಾರು ಇದಕ್ಕೆ ಹೆದರಿ ಕೂತೆವೇ ಎಂದು ನಾಚಿಕೆಯಾಯಿತು. ತಬಿತಾ ಸೊಸೆಯ ಸೊಂಟ ಹಿಡಿದುಕೊಂಡು ಒಳಗೆ ಬಂದಳು. ನಾನು ಅವಳ ಕೈ ಹಿಡಿದು, ನಮ್ಮನ್ನು ಕ್ಷಮಿಸು ತಾಯಿ ಎಂದೆ. ಅವಳಿಗೆ ಆಶ್ಚರ್ಯವಾಯಿತು. “ಅದಾ? ಅದು ನನ್ನ ಅಜ್ಜಿಯ ಕಾಲದಲ್ಲೇ ಕ್ಷಮಿಸಿ ಆಗಿದೆ ಟೀಚರ್. ದಿನಾ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳ್ತಿದ್ರು. ನಿಮಗೆ ತಿಳಿಸುವ ಅಂದ್ರೆ ಯಾರೂ ಬಾಗಿಲೇ ತೆಗೀಲಿಲ್ಲ” ಎಂದಳು.

ನಾನು ನಿಂತಲ್ಲೇ ಮಂಡಿಯೂರಿದೆ. ಅಲ್ಲಿ ನಮ್ಮ ಮನೆತನದ ಕಲ್ಲು ಇರಲಿಲ್ಲ, ಮೀನಿನ ಹುರುಪೆ ಬಿದ್ದ ಒದ್ದೆ ನೆಲ. ನಾವು ಬೂದಿಬಟ್ಟೆ ಉಟ್ಟು ಆಕಾಶ ನೋಡುತ್ತಾ ಬೇಡಿದ ಕರುಣೆ ಇಷ್ಟು ವರ್ಷ ಬಾಗಿಲಿನ ಆಚೆ ಒದ್ದೆಯಾಗಿ ನಿಂತಿತ್ತು. ನಮ್ಮಿಂದ ಯಾವ ಬೆಲೆಯನ್ನೂ ಕೇಳದೆ ದೇವರು ಅದನ್ನು ಅವರ ಕೈಯಲ್ಲಿ ಕೊಟ್ಟು ಕಳಿಸಿದ್ದ. ಆವತ್ತು ನಾನೂ ಅತ್ತೆ. ಆದರೆ ಸೊಸೆ ನಿಲ್ಲಲಾರದೆ ತೂಗಾಡುತ್ತಿದ್ದಳು, ಹಾಗಾಗಿ ಬೇಗ ಎದ್ದು ಅವರನ್ನು ಮನೆಗೆ ಕರೆದುಕೊಂಡು ಹೋಗಿ ಗಂಜಿ ಬಡಿಸಿದೆ.

ಬಾಗಿಲನ್ನು ಆವತ್ತೇ ಮತ್ತೆ ಮುಚ್ಚಿ ಕಾವಲು ಹಾಕಿದರು. ಈಗ ಸಭಾಮಂಡಳಿಯ ತೀರ್ಮಾನ ಕೇಳಿ. ಅಳುದಿನದಂದು ಬಾಗಿಲು ತೆರೆದು ಆ ದಿನದ ಪವಿತ್ರತೆಯನ್ನು ನಾನು ಕೆಡಿಸಿದ್ದೇನಂತೆ. ಈ ಭಾನುವಾರ ಬೂದಿಬಟ್ಟೆ ಉಟ್ಟು ಚರ್ಚಿನಲ್ಲಿ ಎಲ್ಲರ ಎದುರು ಮಂಡಿಯೂರಿ, ಬಾಗಿಲು ತೆರೆದದ್ದು ಪಾಪವೆಂದು ಒಪ್ಪಿಕೊಳ್ಳಬೇಕಂತೆ. ಒಪ್ಪಿಕೊಂಡರೆ ದೇವರು ಕರುಣಾಮಯಿ, ನನ್ನನ್ನು ಕ್ಷಮಿಸುತ್ತಾನಂತೆ. ಆಮೇಲೆ ತಬಿತಾಳನ್ನೂ ಸೊಸೆಯನ್ನೂ ಒಂದು ಮೂಟೆ ಅಕ್ಕಿ ಕೊಟ್ಟು ಪ್ರೀತಿಯಿಂದ ಹೊರಗೆ ಬಿಟ್ಟುಬರುತ್ತಾರಂತೆ. ಪ್ರೀತಿಯಿಂದ! ತೀರ್ಮಾನ ಓದುವಾಗ ಅಯ್ಯನವರು ಅತ್ತರು. ನನಗೆ ಹೇಸಿಗೆಯಾಯಿತು, ಎದ್ದು ಬಂದೆ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ತಡೆ ಕಟ್ಟುವವರು ನಿಮ್ಮ ಮೊಮ್ಮಕ್ಕಳ ಮಕ್ಕಳು. ಅವರ ಅಜ್ಜಿಯರು ಈಗ ನಿಮ್ಮ ತೊಡೆಯ ಮೇಲೆ ಕೂತು ಪ್ರಾರ್ಥನೆ ಕಲಿಯುತ್ತಿರಬಹುದು. ಆ ಮಕ್ಕಳು ತಪ್ಪು ಮಾಡಿದಾಗ ಕಣ್ಮುಚ್ಚಿ ಕೈಮುಗಿ ಎಂದು ಹೇಳಿ ಮುಗಿಸಬೇಡಿ. ಯಾರಿಂದ ಕಿತ್ತುಕೊಂಡರೋ ಅವರ ಮನೆಗೆ ಕರೆದುಕೊಂಡು ಹೋಗಿ, ವಾಪಸು ಕೊಡಿಸಿ, ಮುಖ ನೋಡಿ ಮಾತಾಡಿಸಿ. ಆಮೇಲೆ ಬೇಕಾದರೆ ಪ್ರಾರ್ಥಿಸಿ. ನಿಮಗೆ ಇದು ಸಣ್ಣ ಕೆಲಸ. ಇಲ್ಲಿ ಇದರಿಂದ ಜೀವ ಉಳಿಯುತ್ತದೆ.

ಇನ್ನು ನನ್ನ ವಿಷಯ. ಭಾನುವಾರ ಊರಿಗೆ ಊರೇ ಚರ್ಚಿನಲ್ಲಿ ಸೇರುತ್ತದೆ. ನನ್ನ ಪಶ್ಚಾತ್ತಾಪವನ್ನು ನೋಡಲು ಎಲ್ಲರೂ ಬರಲೇಬೇಕೆಂದು ಮಂಡಳಿಯ ಅಪ್ಪಣೆ, ಬಾಗಿಲು ಕಾಯುವವರಿಗೂ ವಿನಾಯಿತಿ ಇಲ್ಲ. ನಾನು ಅಲ್ಲಿಗೆ ಹೋಗುವುದಿಲ್ಲ. ಹೊರದಂಡೆಯ ಉಳಿದ ಮನೆಯವರಿಗೆಲ್ಲ ತಬಿತಾ ಕಿಂಡಿಯಲ್ಲೇ ಸುದ್ದಿ ಮುಟ್ಟಿಸಿದ್ದಾಳೆ, ದೋಣಿಗಳನ್ನು ಬಾಗಿಲಿನ ಹತ್ತಿರವೇ ಕಟ್ಟಿಕೊಂಡಿರಿ ಎಂದು. ಅಗುಳಿಗೆ ಹೆಗಲು ಕೊಡಲು ಎಲ್ಕಾನನೂ ಬರುತ್ತೇನೆಂದಿದ್ದಾನೆ. ನಾನು ಯಾವಾಗ ಬರುತ್ತೇನೋ ಎಂದು ಕಾಯುತ್ತಾ ಸಭೆಯವರು ನನ್ನ ಪಾಪಕ್ಕಾಗಿ ಕೀರ್ತನೆ ಶುರುಮಾಡುತ್ತಾರೆ. ಪಶ್ಚಾತ್ತಾಪದ ಕೀರ್ತನೆಗಳನ್ನು ನಮ್ಮವರು ಒಂದು ಚರಣವನ್ನೂ ಬಿಡದೆ ಹಾಡುತ್ತಾರೆ. ಅಷ್ಟು ಹೊತ್ತಿನಲ್ಲಿ ಹೊರದಂಡೆಯವರೆಲ್ಲರೂ ಒಳಗೆ ಬಂದು ಸೇರಬಹುದು.

ನಿಮ್ಮ
ಹೆಪ್ಸಿಬಾ