ಖಾಲಿ ಜಾಗದ ನಾನೂರ ಹನ್ನೆರಡು ಫೋಟೊ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಆಸ್ಪತ್ರೆ ಕೊಟ್ಟ ಮಾತು — ನಮ್ಮ ಕ್ವಾರ್ಟರ್ಸ್ ಹಿಂದೆ ಒಂದು ನಲ್ಲಿ. ಬರಲಿಲ್ಲ.
ಕೊಟ್ಟ ಮಾತು — ಬಿರುಕು ಬಿಟ್ಟ ಕಾಂಪೌಂಡಿನ ರಿಪೇರಿ. ಆಗಲಿಲ್ಲ.
ಕೊಟ್ಟ ಮಾತು — ಹಿತ್ತಲಿನ ಕಸ ತೆಗೆದು ಹಸನು ಮಾಡಿಕೊಂಡರೆ, ಇಲ್ಲಿ ವಾಸ ಇರುವವರೆಗೆ ಆ ನೆಲ ನಮ್ಮದು. ಮೂರು ವರ್ಷದ ಹಿಂದೆ ಆಗಿನ ಸೂಪರಿಂಟೆಂಡೆಂಟ್ ಹೇಳಿದ್ದು. ಬಾಯಿಮಾತು. ಅವರು ವರ್ಗವಾದರು, ಮಾತೂ ಅವರ ಸಾಮಾನಿನ ಜೊತೆ ಗಾಡಿ ಹತ್ತಿತು.

ಶನಿವಾರ ಬಾಗಿಲಿಗೆ ನೋಟಿಸ್. ‘ಹಿಂಭಾಗದ ಖಾಲಿ ಜಾಗ’ ಡಾಕ್ಟರುಗಳ ಕಾರು ನಿಲ್ಲಿಸಲು ಬೇಕಂತೆ. ಆಕ್ಷೇಪಣೆ ಇದ್ದರೆ ಪುರಾವೆ ತರಬೇಕಂತೆ.

ಖಾಲಿಯಂತೆ. ಆಸ್ಪತ್ರೆ ಎಸೆದ ಹದಿನಾಲ್ಕು ಮುರುಕು ಮಂಚ ಅಲ್ಲಿ ತುಕ್ಕು ಹಿಡಿಯುತ್ತಿದ್ದವು. ನೆಟ್ಟಗೆ ನಿಲ್ಲಿಸಿ ಹಾಗಲ, ಹೀರೆ ಹಬ್ಬಿಸಿದೆ. ಅತ್ತೆ ಬಚ್ಚಲ ನೀರನ್ನು ಬದನೆ ಸಾಲಿಗೆ ತಿರುಗಿಸಿದರು. ಕಾಂಪೌಂಡಿನ ಉದ್ದಕ್ಕೂ ದಾಳಿಂಬೆ, ಸೀಬೆ, ನಿಂಬೆ. ಈಗ ಕಾಲಿಡಲು ಜಾಗವಿಲ್ಲ.

ಹೆದರಿಕೆ ಏನಿಲ್ಲ. ಆಸ್ಪತ್ರೆ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಚಾದರ ಒಗೆದವಳು, ಐದು ವರ್ಷದಿಂದ ಕೆಲಸಗಾರರ ಸಂಘದ ಕಾರ್ಯದರ್ಶಿ. ಪುರಾವೆ ಬೇಕೆ? ಫೋನಿನಲ್ಲಿ ನಾನೂರ ಹನ್ನೆರಡು ಫೋಟೊ, ತಾರೀಖು ಸಮೇತ. ಎಲ್ಲವೂ ಮನೆತೋಟದವರ ಗ್ರೂಪಿಗೆ ಹಾಕಿದವು. ಇವತ್ತಿನದು ಇಬ್ಬನಿ ಕೂತ ಹೀರೆ ಹೂವು. ಶಿಫ್ಟಿಗೆ ಹೊರಡುವಷ್ಟರಲ್ಲಿ ನಲವತ್ತು ಲೈಕು.

ಗ್ರೂಪಿನ ಅಡ್ಮಿನ್ ಮೇಡಂ ನಮ್ಮ ಮಾಲಿಯ ನಂಬರ್ ಕೇಳಿದ್ದರು. ನಾನೇ ಮಾಲಿ ಎಂದು ಬರೆದೆ. ಎಲ್ಲರೂ ನಗುವ ಮುಖ ಹಾಕಿದರು. ಜೋಕ್ ಅಂದುಕೊಂಡರು.

ಮಾರ್ಚ್ 5, ಬುಧವಾರ

ಪುರಾವೆ ತೋರಿಸಲು ಆಸ್ಪತ್ರೆ ಆಫೀಸಿಗೆ ಹೋದೆ. ಮ್ಯಾನೇಜರ್ ಫೋನ್ ಇಸಿದುಕೊಂಡು ಹೆಬ್ಬೆರಳಲ್ಲಿ ಸರಸರ ತಳ್ಳಿದ. ಹೂವು ಚೆನ್ನಾಗಿವೆ ಅಂದ. ಆಮೇಲೆ —

“ಇದು ಎಲೆ. ಇದೂ ಎಲೆ. ಎಲ್ಲಿಯ ಎಲೆ ಅಂತ ಎಲ್ಲಿ ಬರ್ದಿದೆಯಮ್ಮ?”

ಹೊರಗೆ ಬೆಂಚಿನ ಮೇಲೆ ಕೂತು ನಾನೂರ ಹನ್ನೆರಡನ್ನೂ ನೋಡಿದೆ. ಅವನ ಬಾಯಿಗೆ ಮಣ್ಣು ಹಾಕ, ಹೇಳಿದ್ದು ನಿಜ. ಒಂದರಲ್ಲೂ ಕಾಂಪೌಂಡ್ ಇಲ್ಲ. ಮಂಚದ ಕಾಲಿಲ್ಲ. ಮನೆ ನಂಬರ್ ಇಲ್ಲ. ಮೂರು ವರ್ಷ, ವಾರಕ್ಕೆ ಎರಡು ಮೂರು ಬೆಳಿಗ್ಗೆ ಮಂಡಿಯೂರಿ, ಕತ್ತು ಸೊಟ್ಟ ಮಾಡಿ, ಏನೂ ಕಾಣದ ಹಾಗೆ ತೆಗೆದವಳು ನಾನೇ. ಗ್ರೂಪಿನ ಆ ದೊಡ್ಡ ಮನೆಗಳ ಜನ ಏನೆಂದುಕೊಂಡಾರು ಎಂದು. ಮೈಕ್ ಹಿಡಿದಾಗ ಇಲ್ಲದ ನಾಚಿಕೆ ಕ್ಯಾಮೆರಾ ಹಿಡಿದಾಗ ಎಲ್ಲಿಂದ ಬಂತು?

ಅತ್ತೆಗೆ ಹೇಳಿದೆ. ಅವರು ಬದನೆಯ ಹುಳ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಮಂಚ ಕಂಡಿದ್ರೆ ಹಾಗಲಕಾಯಿ ಇನ್ನೂ ಕಹಿ ಆಗ್ತಿತ್ತೇನೇ?”

ಮಾರ್ಚ್ 6

ಫೋಟೊ ಹಾಕಲಿಲ್ಲ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 6.20

ಹಾಕಿದೆ. ಹತ್ತು ಹೆಜ್ಜೆ ಹಿಂದೆ ಸರಿದು ತೆಗೆದದ್ದು. ಹದಿನಾಲ್ಕು ಮಂಚ, ಬಿರುಕಿನ ಕಾಂಪೌಂಡ್, ತಂತಿಯ ಮೇಲೆ ನನ್ನ ಯೂನಿಫಾರಂ, ಮೂಲೆಯಲ್ಲಿ ಸೆರಗು ಸಿಕ್ಕಿಸಿದ ಅತ್ತೆ. ಕೆಳಗೆ ಬರೆದೆ: ಇದೇ ನೀವು ಮೆಚ್ಚಿದ ತೋಟ. ಇದನ್ನು ಖಾಲಿ ಜಾಗ ಅನ್ನುತ್ತಿದ್ದಾರೆ. ನಾನು ಲಾಂಡ್ರಿ ಕೆಲಸದವಳು.

ಮಧ್ಯಾಹ್ನ, ಊಟದ ಬಿಡುವು

ಆರು ಜನ ಗ್ರೂಪ್ ಬಿಟ್ಟರು. ಹೋಗಲಿ, ಗಾಳಿ ಆಡುತ್ತೆ. ಅಡ್ಮಿನ್ ಮೇಡಂ ಬರೆದದ್ದು ಮಾತ್ರ ಚುಚ್ಚಿತು. ಕಳೆದ ವರ್ಷ ನನ್ನಿಂದ ಬದನೆ ಸಸಿ ಒಯ್ದಿದ್ದರು. ಆಸ್ಪತ್ರೆಯ ಮಣ್ಣಲ್ಲವೇ, ಸೋಂಕು ಗೀಂಕು ಇರಬಹುದೇ, ಕಿತ್ತು ಹಾಕಲೇ ಎಂದು ಎಲ್ಲರ ಎದುರು ಕೇಳಿದರು.

ಬರೆದೆ: ಮೇಡಂ, ಈ ಆಸ್ಪತ್ರೆಯಲ್ಲೇ ನಿಮ್ಮ ಮೊಮ್ಮಗಳು ಹುಟ್ಟಿದ್ದು ಅಂತ ನೀವೇ ಫೋಟೊ ಹಾಕಿದ್ದಿರಿ. ಅವಳು ಮಲಗಿದ ಚಾದರ ಒಗೆದದ್ದೂ ಇದೇ ಕೈ. ಬದನೆ ಕೀಳುವುದು ನಿಮ್ಮಿಷ್ಟ.

ಕಳಿಸಿದ ಮೇಲೆ ಮತ್ತೆ ಓದಿದೆ, ಒಂದಕ್ಷರ ಅಳಿಸಲಿಲ್ಲ.

ಮಾರ್ಚ್ 11

ಗುಲಾಬಿ ಮೇಷ್ಟ್ರ ಫೋನ್. ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಮನೆಯಲ್ಲಿ ಅರವತ್ತು ಗುಲಾಬಿ, ಗ್ರೂಪಿನಲ್ಲಿ ಅದೇ ಹೆಸರು. ಆಸ್ಪತ್ರೆ ಮಣ್ಣಿನ ವಿಷಯ ಎತ್ತಲೇ ಇಲ್ಲ. ಮಂಚಗಳನ್ನು ತಂತಿಯಲ್ಲಿ ಕಟ್ಟಿದ್ದೋ ಹಗ್ಗದಲ್ಲೋ ಎಂದು ಕಾಲು ಗಂಟೆ ವಿಚಾರಣೆ. ಆಮೇಲೆ, ಖಾಲಿ ಅಂದವರಿಗೆ ಫೋಟೊ ತೋರಿಸಿದ್ಯಾ, ಏನಂದ್ರು ಎಂದರು. ಮ್ಯಾನೇಜರ್ ಮಾತನ್ನು ಹೇಳಿದೆ.

“ಅವನಿಗೆ ಗಿಡ ಗೊತ್ತಿಲ್ಲ ಬಿಡಮ್ಮ. ಎಲೆ ಉದುರುತ್ತೆ, ಹೂ ಉದುರುತ್ತೆ. ಕತ್ತರಿ ಹಾಕಿದ ಗಾಯದ ಕಲೆ ಎಲ್ಲಿ ಹೋಗುತ್ತೆ? ಹಳೇ ಫೋಟೊದಲ್ಲಿ ಕಲೆ ಹುಡುಕು. ಅದೇ ಕೊಂಬೆನ ಈಗ ಗೋಡೆ ಸಮೇತ ತೆಗಿ.”

ಮೂರು ವರ್ಷ ಅಷ್ಟು ಹತ್ತಿರದಿಂದ ತೆಗೆದದ್ದಕ್ಕೇ ಪ್ರತಿ ಗಂಟು, ಪ್ರತಿ ಕಲೆ ಕಾಣುತ್ತದೆ. ಇದು ನನಗೆ ಹೊಳೆಯಲಿಲ್ಲವಲ್ಲ.

ಮಾರ್ಚ್ 15, ಶನಿವಾರ

ನಾಲ್ಕು ದಿನ ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಗೋಡೆ ಸಮೇತ ಹೊಸ ಫೋಟೊ ಹಾಕುವುದು ನಾನು, ಹಳೆಯದರಲ್ಲಿ ಅದರ ಜೋಡಿ ಹುಡುಕುವುದು ಗ್ರೂಪು. ದಾಳಿಂಬೆಯ ಕವಲಿನ ಕೆಳಗೆ ಉದ್ದ ಕಲೆ — ಎರಡೂವರೆ ವರ್ಷದ ಹಿಂದಿನದು, ಇವತ್ತಿನದು. ಸೀಬೆಯ ಕಸಿ ಗಂಟು. ನಿಂಬೆಯ ಮುರಿದ ಕೊಂಬೆ. ಇಪ್ಪತ್ತಮೂರು ಜೋಡಿ ಸಿಕ್ಕಿವೆ. ಗುಲಾಬಿ ಮೇಷ್ಟ್ರು ತಪ್ಪು ಜೋಡಿ ತಂದವರಿಗೆ ಕ್ಲಾಸಿನಲ್ಲಿ ಬೈದ ಹಾಗೆ ಬೈಯುತ್ತಾರೆ.

ಇಪ್ಪತ್ತಮೂರನೆಯದು ಅಡ್ಮಿನ್ ಮೇಡಂ ಹುಡುಕಿದ್ದು. ಕ್ಷಮೆ ಕೇಳಲಿಲ್ಲ. ನಾನೂ ಕಾದು ಕೂತಿಲ್ಲ.

ಮಾರ್ಚ್ 18, ಮಂಗಳವಾರ

ಪ್ರಿಂಟ್ ಹಾಕಿಸಿ ಮ್ಯಾನೇಜರ್ ಮೇಜಿನ ಮೇಲೆ ಹರಡಿದೆ. ಕಾಗದದಲ್ಲಿ ಏನು ಬೇಕಾದರೂ ಜೋಡಿಸಬಹುದು ಅಂದ. ಹಾಗಾದರೆ ಬಾ, ಕಲೆಯ ಮೇಲೆ ಬೆರಳಿಟ್ಟು ನೋಡು ಅಂದೆ. ಸೂಪರಿಂಟೆಂಡೆಂಟ್ ಸಾಹೇಬರಿಗೆ ಟೈಮಿಲ್ಲ, ವಿಚಾರಣೆ ಅವರ ಕೊಠಡಿಯಲ್ಲೇ, ಇಬ್ಬರೇ ಬನ್ನಿ ಅಂದ.

ಇಬ್ಬರಲ್ಲ, ಇಪ್ಪತ್ತೇಳು ಜನ ಆಫೀಸಿನ ಮೆಟ್ಟಿಲ ಮೇಲೆ ಕೂತೆವು. ಲಾಂಡ್ರಿಯ ಹದಿನಾರು, ಗ್ರೂಪಿನ ಹನ್ನೊಂದು. ಘೋಷಣೆ ಹೇಗೆ ಕೂಗಬೇಕೆಂದು ಗುಲಾಬಿ ಮೇಷ್ಟ್ರು ಕಿವಿಯಲ್ಲಿ ಕೇಳಿದರು. ನಾನು ಕೂಗಿದ ಮೇಲೆ ಕೂಗಿ ಸಾರ್, ಮುಂಚೆ ಬೇಡ ಅಂದೆ. ಮುಂಚೆಯೇ ಕೂಗಿದರು.

ಸೂಪರಿಂಟೆಂಡೆಂಟ್ ಹೊರಗೆ ಬಂದರು. ಪ್ರಿಂಟುಗಳನ್ನು ನಿಂತಲ್ಲೇ ನೋಡಿದರು, ಒಂದೊಂದಾಗಿ. ವಿಚಾರಣೆ ಕೊಠಡಿಯಲ್ಲಿ ಬೇಡ, ಸ್ಥಳದಲ್ಲೇ ಆಗಲಿ ಅಂದರು. ಮಾತಲ್ಲ ಸಾರ್, ಬರಹ ಕೊಡಿ ಅಂದೆ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಎಂದು ಬರೆದು ಸಹಿ ಹಾಕಿ ಕೊಟ್ಟರು.

ಮಾರ್ಚ್ 19. ಸಂಜೆ

ಗೆದ್ದಿಲ್ಲ ಇನ್ನೂ. ಕಾರುಗಳಿಗೆ ಬೇರೆ ಜಾಗ ಇಲ್ಲ ಎಂದು ನಾಳೆ ಹೇಳಿಯೇ ಹೇಳುತ್ತಾರೆ. ಹಳೆಯ ಡೀಸೆಲ್ ಶೆಡ್ಡಿನ ನಕ್ಷೆ ಬರೆದಿಟ್ಟಿದ್ದೇನೆ, ಅಲ್ಲಿ ಒಂಬತ್ತು ಕಾರು ನಿಲ್ಲುತ್ತವೆ. ಅತ್ತೆ ಸಾಲು ಸಾಲಿಗೆ ನೀರು ಬಿಟ್ಟಾಯಿತು. ಕೆಸರಾಗುತ್ತದೆ ಅಂದರೆ, ಬೂಟು ಬಿಚ್ಚಿ ಬರಲಿ ಅಂದರು. ಖಾಲಿ ಜಾಗ ಅಂದವರು ನಾಳೆ ನಿಲ್ಲಲು ಜಾಗ ಹುಡುಕಿಕೊಳ್ಳಲಿ.

ಗುರುವಾರ, ಮಾರ್ಚ್ 20. ಬೆಳಿಗ್ಗೆ ಹತ್ತೂವರೆ. ನಮ್ಮ ತೋಟದಲ್ಲಿ —