ನಾಲ್ಕು ಕುರ್ಚಿಯ ಬಸ್ಸು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯೋ, ಇಲ್ಲಾ ಟ್ರೈನಿಂಗು ಟ್ರೈನಿಂಗು ಅಂತ ಬರೀ ಟೀ ಕುಡಿದು ದಿನ ದೂಡ್ತೀಯೋ? ಇಲ್ಲಿ ಎಲ್ಲ ಚೆನ್ನಾಗಿದೆ, ನನ್ನ ತಲೆಯೊಂದು ಬಿಟ್ಟು. ಅದು ಕೆಟ್ಟು ಕೆರ ಹಿಡಿದಿದೆ.

ನಿನ್ನ ಮಗಳು ಶಿಶುವಿಹಾರದಲ್ಲಿ ಜೋಕಾಲಿಗೆ ಕಾಯಲಾರದೆ ಮುಂದೆ ನಿಂತಿದ್ದ ಮಗುವಿನ ಭುಜ ಕಚ್ಚಿದ್ದು ನಿನಗೆ ಗೊತ್ತೇ ಇದೆ. ಇನ್ನೊಂದು ಸಲ ಕಚ್ಚಿದರೆ ಕಳಿಸಲೇಬೇಡಿ ಅಂದುಬಿಟ್ಟರು ಟೀಚರಮ್ಮ. ಆಮೇಲೆ ಈ ಮಂಡಿ ಇಟ್ಟುಕೊಂಡು ಇಡೀ ದಿನ ಅವಳ ಹಿಂದೆ ಓಡೋದು ಯಾರು? ನೀನು ಟ್ರೈನಿಂಗು ಅರ್ಧಕ್ಕೇ ಬಿಟ್ಟು ಬರಬೇಕು, ಖಾಯಂ ಆಗೋ ಕೆಲಸಕ್ಕೆ ಎಳ್ಳುನೀರು. ಎರಡು ಬಿಗಿದರೆ ನೆಟ್ಟಗಾಗ್ತಾಳೆ ಅಂದೆ. ನಿನ್ನ ಗಂಡ, ಆ ಶಾಂತಮೂರ್ತಿ, 'ಬೇಡಿ ಅತ್ತೆ, ಆಟದಲ್ಲೇ ಕಲಿಸೋಣ' ಅಂದ್ರು.

ಎಂಥಾ ಆಟ ಕೇಳು. ದಿನವಿಡೀ ಬಸ್ಸು ಓಡಿಸಿ ಬಂದ ಮನುಷ್ಯ ಮನೆಯಲ್ಲೂ ನಾಲ್ಕು ಕುರ್ಚಿ ಸಾಲಾಗಿಟ್ಟು ಬಸ್ಸು ಮಾಡಿದ್ರು! ಪುಟ್ಟಿ ಡ್ರೈವರು, ಅವರು ಕಂಡಕ್ಟರು, ಪ್ರಯಾಣಿಕಳು ಇನ್ಯಾರು, ನಾನೇ. ಕಂಡಕ್ಟರು ಒಂದು ಸೀಟಿ ಊದಿದರೆ ಡ್ರೈವರು ಬಸ್ಸು ನಿಲ್ಲಿಸಬೇಕು. ಎರಡು ಸೀಟಿ ಊದೋವರೆಗೂ ಕೈ ಮಡಿಲಲ್ಲಿಟ್ಟು ಕಾಯಬೇಕು. ಮಹಾನುಭಾವರು ದಿನಕ್ಕಿಷ್ಟು ಅಂತ ಆ ಎರಡು ಸೀಟಿ ತಡ ಮಾಡ್ತಾ ಬಂದ್ರು. ಒಂದು ದಿನ ಟಿಕೆಟ್ ಹರೀಬೇಕು, ಇನ್ನೊಂದು ದಿನ ಮುದುಕಿಯೊಬ್ಬರು ನಿಧಾನಕ್ಕೆ ಇಳೀತಿದ್ದಾರೆ! ಮೊದಮೊದಲು ಪುಟ್ಟಿ ಕುರ್ಚಿ ಒದ್ದು, ಕಿರುಚಿ, ಮನೆ ಮೇಲೆ ಕೆಳಗೆ ಮಾಡಿದಳು. ಮೊನ್ನೆ ಹಾಲು ಉಕ್ಕುತ್ತಿದೆ ಅಂತ ನಾನು ಎದ್ದರೆ ಅಪ್ಪ ಮಗಳು ಇಬ್ಬರೂ 'ಬಸ್ಸು ಓಡ್ತಿದೆ, ಇಳೀಬಾರದು!' ಅಂತ ಕೂಗಿದ್ರು. ಕೂತೆ ಕಣೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅರ್ಧ ಲೀಟರ್ ಹಾಲು ಒಲೆ ಪಾಲು. ಒಲೆ ಉಜ್ಜಿದ್ದೂ ನಾನೇ.

ಆದರೂ ಇದ್ದದ್ದು ಹೇಳಬೇಕು. ಎರಡು ವಾರದಿಂದ ಒಂದೂ ದೂರು ಬಂದಿಲ್ಲ. ನಿನ್ನೆ ಸಂಜೆ ನನ್ನ ಕನ್ನಡಕ ಹಾಕಿಕೊಂಡು ಕುಣಿದು ಮುರಿದಳು. ನಾನು ಕಿರುಚಿದ್ದಕ್ಕೆ ಅವಳೂ ಕಚ್ಚೋಕೆ ಬಾಯಿ ತೆರೆದು ನನ್ನ ಮೇಲೇ ಬಂದಳು. ಬಂದವಳು ತಟ್ಟನೆ ನಿಂತಳು. ಎರಡೂ ಕೈ ಹಿಂದೆ ಕಟ್ಟಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಬಸ್ಸಿನಾಟದಲ್ಲಿ ಎರಡು ಸೀಟಿ ಕಾಯೋ ಹಾಗೇ ನಿಂತಳು. ಕಚ್ಚಲಿಲ್ಲ! ಅದಕ್ಕೇ ಹೇಳ್ತೀನಿ, ನೀನು ನೆಮ್ಮದಿಯಾಗಿ ಟ್ರೈನಿಂಗು ಮುಗಿಸಿಕೊಂಡೇ ಬಾ.

ಹಳೇ ಕನ್ನಡಕದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ನಿನ್ನ ಮಗಳನ್ನೇ ಕೇಳಿಕೋ. ಬೆಚ್ಚಗೆ ಹೊದ್ದುಕೊಂಡು ಮಲಗು. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ವಿ.ಸೂ.: ಅಳಿಯಂದಿರು ಅಂಚೆಗೆ ಹಾಕೋಕೆ ಚಪ್ಪಲಿ ಮೆಟ್ಟಿಕೊಂಡು ಈ ಕಾಗದಕ್ಕೇ ಕಾಯ್ತಿದ್ದಾರೆ. ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಅವಳು ಕೈ ಕಟ್ಟಿ ನಿಂತ ಮೇಲೂ ನಾನು ಹೊಡೆದೆ. ಕೆನ್ನೆಗೆ. ಆಗಲೂ ಕಚ್ಚಲಿಲ್ಲ, ನನ್ನ ಮುಖ ನೋಡಿದಳು ಅಷ್ಟೆ. ಚಿಕ್ಕವಳಿದ್ದಾಗ ನೀನೂ ಹಾಗೇ ನೋಡ್ತಿದ್ದೆ. ಮೊಂಡಾಟ ಅಂದುಕೊಂಡು ನಾನು ಇನ್ನೆರಡು ಏಟು ಹಾಕ್ತಿದ್ದೆ. ಬೆಳಿಗ್ಗೆ ಪುಟ್ಟಿ ಹತ್ತಿರ ತಪ್ಪಾಯ್ತು ಅಂದೆ. ನಿನ್ನ ಹತ್ತಿರ ಯಾವತ್ತೂ ಅಂದಿಲ್ಲ. ತಪ್ಪಾಯ್ತು ಕಣೆ.