ಬೆರಳಿಗೆ ಹತ್ತಿದ ಹಸಿಮಣ್ಣು

ಬಾಗಲಕೋಟೆ,
೧೨-೧೦-೧೯೫೪

ಚಿ. ಸೌ. ಅನಸೂಯಾಳಿಗೆ ನಿನ್ನ ಮಾವನ ಅನೇಕ ಆಶೀರ್ವಾದಗಳು.

ಹೇಗಿದ್ದೀಯವ್ವ? ಧಾರವಾಡದ ಥಂಡಿಗೆ ಕೆಮ್ಮು ಹೆಚ್ಚಾಗಿಲ್ಲವಷ್ಟೆ? ಟ್ರೇನಿಂಗ್ ಕಾಲೇಜಿನ ಊಟದಲ್ಲಿ ಸಾರು ಯಾವುದು, ನೀರು ಯಾವುದು ತಿಳಿಯುವುದಿಲ್ಲವೆಂದು ಬರೆದಿದ್ದೆ. ಅದನ್ನು ಓದಿದ ದಿನ ನನಗೇ ತುತ್ತು ಇಳಿಯಲಿಲ್ಲ. ಇಲ್ಲಿ ನಾವು ಕ್ಷೇಮ. ನನ್ನ ಮೊಣಕಾಲು ಮಾತ್ರ ತನ್ನ ಹಟ ಬಿಟ್ಟಿಲ್ಲ. ಸೊಲ್ಲಾಪುರದಲ್ಲಿರುವ ನಿನ್ನ ರಾಯರಿಗೆ ದೀಪಾವಳಿಗೆ ರಜೆ ಸಿಕ್ಕಿದೆಯಂತೆ.

ನಿನ್ನ ಕಾರ್ಡಿನಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಗಿಡ ಹೇಗಿದೆ? ಹಬ್ಬಕ್ಕೆ ನಾನು ಮನೆಗೆ ಬರಬಹುದೆ, ಅತ್ತೆಯವರು ಏನೆನ್ನುತ್ತಾರೆ? ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಪ್ರಶ್ನೆ ನೋಡಿ ಬೆವತದ್ದು ಇದೇ ಮೊದಲು.

ಮೊದಲನೆಯದಕ್ಕೆ ಉತ್ತರ ಹೇಳಿಬಿಡುತ್ತೇನೆ, ಬೈಯಬೇಡ. ನಿಮ್ಮಣ್ಣ ಪುಣೆಯಿಂದ ತಂದುಕೊಟ್ಟ ಆ ಗೇಣುದ್ದದ ಗಿಡ ಕೊಳೆಯಿತು. ಹೇಗೆ ಕೊಳೆಯಿತೆಂದು ನನಗೆ ತಿಳಿಯದೆ ತಲೆ ಚಿಟ್ಟು ಹಿಡಿದಿತ್ತು. ಜೂನಿನಲ್ಲಿ ನೀನು ಬರೆದಿಟ್ಟು ಹೋದ ಚೀಟಿಯನ್ನು ನಾನು ಪಂಚಾಂಗದ ಹಾಗೆ ಪಾಲಿಸಿದ್ದೇನೆ. ನೇರ ಬಿಸಿಲು ಬೇಡ ಎಂದಿದ್ದೆ, ನಿನ್ನ ಕೋಣೆಯ ಕಿಟಕಿಯಿಂದ ಎರಡು ಮೊಳ ಒಳಗೆ, ಬಾಗಿಲ ಪಕ್ಕದಲ್ಲೇ ಇಟ್ಟೆ. ದಪ್ಪ ಎಲೆಯೊಳಗೇ ನೀರು ಕೂಡಿಟ್ಟುಕೊಂಡಿರುತ್ತದೆ, ಹತ್ತು ದಿನಕ್ಕೊಮ್ಮೆ ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಎಂದಿದ್ದೆ. ಸರಿ, ಹತ್ತು ದಿನಕ್ಕೊಮ್ಮೆ ಬೆರಳಿಟ್ಟೆ. ಪ್ರತಿಸಲವೂ ಹಸಿ! ನಾಲ್ಕು ತಿಂಗಳಲ್ಲಿ ನಾನು ಒಂದು ಹನಿ ನೀರು ಹಾಕಿಲ್ಲ ತಾಯಿ, ಆದರೂ ಮಣ್ಣು ಒಣಗಲಿಲ್ಲ. ಮಾಳಿಗೆ ಸೋರುತ್ತಿದೆಯೆಂದು ಮೇಲೆ ಹತ್ತಿ ನೋಡಿದೆ, ಮೊಣಕಾಲು ಉಳುಕಿದ್ದು ಆವಾಗಲೇ. ಕಸ ಗುಡಿಸುವ ಶಾರವ್ವನನ್ನು ಕೇಳಿದೆ. “ದೇವರಾಣಿ ನಾ ಅದನ್ನ ಮುಟ್ಟಿಲ್ರಿ, ಅಮ್ಮಾರು ಕಣ್ಣು ಬಿಡ್ತಾರ” ಎಂದಳು. ನೀರಿಲ್ಲದೆ ನೀರು ಕುಡಿಯುವ ಗಿಡ ಯಾವ ಶಾಸ್ತ್ರದಲ್ಲಿದೆ? ಎಲೆಗಳು ಒಂದೊಂದಾಗಿ ಉದುರಿದವು, ಕಾಂಡ ಕರ್ರಗಾಗಿ ಕುಸಿಯಿತು.

ಮೊನ್ನೆ ಏಕಾದಶಿಯ ನಸುಕಿನಲ್ಲಿ ಗುಟ್ಟು ಬಯಲಾಯಿತು. ನಿನ್ನ ಅತ್ತೆ ಸ್ನಾನ ಮುಗಿಸಿ, ಮಡಿಯುಟ್ಟು, ನಿನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕುಂಡಕ್ಕೆ ಕೈ ತಾಗಿದರೆ ಮಡಿ ಕೆಡುತ್ತದಲ್ಲ, ಅದಕ್ಕೆ ತಂಬಿಗೆಯನ್ನು ಎದೆಮಟ್ಟಕ್ಕೆ ಎತ್ತಿ ದೂರದಿಂದಲೇ ಹೊಯ್ಯುತ್ತಿದ್ದಳು, ದಳದಳ ಅಂತ, ಪೂರ್ತಿ ತಂಬಿಗೆ! ಮಣ್ಣು ಮುಟ್ಟಿ ನೋಡಿದ್ದರೆ ಹಸಿ ತಿಳಿಯುತ್ತಿತ್ತು. ಆದರೆ ಮುಟ್ಟುವ ಹಾಗಿಲ್ಲವಲ್ಲ! ದಿನಾ ಹಾಕುತ್ತಿದ್ದಳಂತೆ. ನಾನು ಹೌಹಾರಿದೆ. ಆಕೆ ತಿರುಗಿಯೂ ನೋಡದೆ, “ಬಾಯಿಲ್ಲದ ಜೀವ ಅದು. ನಾವು ಏಕಾದಶಿ ಮಾಡಿದ್ರ ಅದೂ ಉಪವಾಸ ಇರಬೇಕೇನು? ನಿಮಗಂತೂ ನೀರು ಹಾಕೋ ಖಬರಿಲ್ಲ” ಎಂದಳು.

ಈಗ ಹೇಳು, ಇದನ್ನು ಏನೆಂದು ತಿಳಿಯಲಿ? ಜೂನಿನಲ್ಲಿ “ಹೊಸ್ತಿಲಾ ದಾಟಿ ಕಲಿಲಿಕ್ಕೆ ಹೋಗೋ ಸೊಸಿ ಹೊಳ್ಳಿ ಬರೋದ್ಯಾಕ?” ಎಂದವಳೂ ಇವಳೇ. ನೀನು ಅಳುತ್ತ ಟಾಂಗಾ ಹತ್ತಿದ್ದು ನನ್ನ ಕಣ್ಣಮುಂದೆಯೇ ಇದೆ. ಅಂದಿನಿಂದ ಆಕೆ ನಿನ್ನ ಹೆಸರು ಎತ್ತಿಲ್ಲ. ನಿನ್ನ ಪತ್ರ ಓದಿ ಹೇಳಿದರೆ ಎದ್ದು ಅಡಿಗೆಮನೆಗೆ ಹೋಗುತ್ತಾಳೆ, ಅಲ್ಲಿಂದ ಪಾತ್ರೆಯ ಸಪ್ಪಳ ಮಾತ್ರ ಕೇಳುವುದಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿಯೂ ಈಕೆ ನನಗೆ ತಿಳಿಯಲಿಲ್ಲ, ನಾಲ್ಕು ತಿಂಗಳಲ್ಲಿ ನಿನ್ನ ಗಿಡ ಎಲ್ಲಿ ತಿಳಿದೀತು?

ಆದ್ದರಿಂದ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವವ್ವ. ಕೇಳಲು ಧೈರ್ಯ ಸಾಲುತ್ತಿಲ್ಲ. ಬಾ ಎಂದು ನಾನು ಬರೆದು, ಬಾಗಿಲಲ್ಲಿ ನಿನಗೆ ಮತ್ತೊಂದು ಮಾತು ಬಿದ್ದರೆ ನನ್ನ ಜೀವ ತಡೆಯುವುದಿಲ್ಲ. ನೀನಿಲ್ಲದೆ ಈ ಮನೆ ಭಣಭಣ ಎನ್ನುತ್ತಿದೆ, ಅದಂತೂ ಖರೆ. ನಿನ್ನ ಚೀಟಿಯ ಕೊನೆಯ ಸಾಲನ್ನು ನಿನ್ನೆ ಆಕೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ: ‘ಉದುರಿದ ಎಲೆ ಒಗೆಯಬೇಡಿರಿ, ಮಣ್ಣಲ್ಲಿ ಊರಿದರೆ ಅದೇ ಬೇರು ಬಿಡುತ್ತದೆ.’

ವೇಳೆಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೋ. ನಮ್ಮ ಹನಮಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ಪಂಢರೀನಾಥ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇದನ್ನು ಕಂಡೆ, ಗಡಬಡಿಸಿ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಮಡಿಯಲ್ಲೇ ನಿನ್ನ ಕೋಣೆಯೊಳಗೆ ಹೋದಳು. ಕುಂಡದ ಕೊಳೆತ ಮಣ್ಣು ಚೆಲ್ಲಿ, ಒಣಮಣ್ಣು ತುಂಬಿ, ಉಳಿದಿದ್ದ ಒಂದೇ ಒಂದು ಎಲೆಯನ್ನು ತನ್ನ ಕೈಯಿಂದಲೇ ಊರಿದಳು. ಬೆರಳಿಟ್ಟು ಒತ್ತಿಯೂ ನೋಡಿದಳು. ಆಮೇಲೆ ಬಾವಿಗೆ ಹೋಗಿ ಎರಡನೆಯ ಸಲ ತಲೆಯ ಮೇಲೆ ನೀರು ಸುರುವಿಕೊಂಡಳು. ಒದ್ದೆ ಸೀರೆಯಲ್ಲಿ ನನ್ನ ಮುಂದೆ ಹಾಯ್ದು ಹೋಗುವಾಗ ಹೇಳಿದಳು: “ಇದು ಬದುಕ್ತದೋ ಇಲ್ಲೋ ನಮಗೇನ್ ತಿಳೀತದ? ದೀಪಾವಳಿ ನೀರು ತುಂಬೋ ಹಬ್ಬಕ್ಕ ಆಕೀನೇ ಬಂದು ನೋಡ್ಲಿ ಅಂತ ಬರೀರಿ.”